ವಿಡಿಯೊ ಅವರಿಂದ ನಮಗೆ ಬರಬೇಕು: ಮನೆ ಆರೈಕೆ ನರ್ಸ್‌ಗಳ ತರಬೇತಿ, ನನ್ನ ಅನುಭವ

“ಡ್ರೆಸಿಂಗ್ ಮಾಡುವುದನ್ನು ಮೊಬೈಲ್‌ನಲ್ಲಿ ಕಲಿಸುತ್ತೀರಾ ಸಿಸ್ಟರ್? ಹಾಗಾದರೆ ಈಜುವುದನ್ನೂ ಕಲಿಸಿಬಿಡಿ” ಎಂದು ನಮ್ಮ ಭಾಗದ ಹಿರಿಯ ವೈದ್ಯರೊಬ್ಬರು ಎಲ್ಲರೆದುರು ಅಂದಿದ್ದರು. ಮೂರು ವರ್ಷದ ಹಿಂದಿನ ಮಾತು. ಕಳೆದ ತಿಂಗಳು ಅವರೇ ಫೋನ್ ಮಾಡಿ, ಮಲಗಿದಲ್ಲೇ ಮಲಗಿ ತಮ್ಮ ತಾಯಿಗೆ ಆದ ಬೆನ್ನಿನ ಹುಣ್ಣಿಗೆ ನಮ್ಮ ತಂಡದ ಹುಡುಗಿಯೇ ಬೇಕು ಎಂದು ಕೇಳಿದರು. ಇನ್ನು ಬರೆಯಲು ಅಡ್ಡಿಯಿಲ್ಲ ಅನ್ನಿಸಿತು.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಮನೆಮನೆಗೆ ಹೋಗುವ ನರ್ಸ್‌ಗಳು ನಮ್ಮಲ್ಲಿ ಹದಿನಾಲ್ಕು ಮಂದಿ. ನಾಲ್ವರು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ ಆದವರು; ಉಳಿದವರು ಎಎನ್‌ಎಂ, ಅದಕ್ಕಿಂತ ಚಿಕ್ಕದಾದ ಸಹಾಯಕ ನರ್ಸ್ ಕೋರ್ಸ್ ಆದವರು. ಹುಬ್ಬಳ್ಳಿಗೆ ಕರೆದೊಯ್ದು ಮೂರು ದಿನ ತರಬೇತಿ ಕೊಡಿಸಿದರೆ ಬಸ್ಸು, ಊಟ, ವಸತಿ ಸೇರಿ ಎಪ್ಪತ್ತು ಸಾವಿರದ ಆಸುಪಾಸು ಆಗುತ್ತಿತ್ತು. ಆ ಮೂರು ದಿನ ಹಾಸಿಗೆ ಹಿಡಿದವರ ಮನೆಗೆ ಹೋಗುವವರೇ ಇಲ್ಲ.

ಮೊದಲು ಒಂದು ಕಂಪನಿಯ ಸಿದ್ಧ ಕೋರ್ಸ್ ಕೊಂಡೆವು. ಸುಮಾರು 85 ಸಾವಿರ ಹೋಯಿತು. ಅದರಲ್ಲಿ ತಲೆಭಾಗ ಮೇಲೇಳುವ ಆಸ್ಪತ್ರೆಯ ಮಂಚ, ಪಕ್ಕದಲ್ಲಿ ಕಫ ಎಳೆಯುವ ಸಕ್ಷನ್ ಯಂತ್ರ. ನಮ್ಮ ರೋಗಿ ಮಲಗಿರುವುದು ಜಗಲಿಯ ಚಾಪೆಯ ಮೇಲೆ. ಹುಡುಗಿಯರು ವಿಡಿಯೊ ಓಡಲು ಬಿಟ್ಟು ಪಾತ್ರೆ ತೊಳೆದರು. ಪರೀಕ್ಷೆಯಲ್ಲಿ ಎಲ್ಲರಿಗೂ ತೊಂಬತ್ತರ ಮೇಲೆ ಅಂಕ.

ಆ ಅಂಕದ ಬೆಲೆ ಗೊತ್ತಾದದ್ದು ಒಬ್ಬ ಅಜ್ಜನ ಮನೆಯಲ್ಲಿ. ಚೀಟಿಯಲ್ಲಿ ಇನ್ಸುಲಿನ್ 20 ಯೂನಿಟ್ ಎಂದಿತ್ತು. ನಮ್ಮ ಹುಡುಗಿ ಇಪ್ಪತ್ತರ ಗೆರೆಯವರೆಗೆ ಸರಿಯಾಗಿಯೇ ಎಳೆದಳು. ಆದರೆ ಬಾಟಲಿ ಯು-40, ಅಂದರೆ ಒಂದು ಮಿಲಿಲೀಟರಿಗೆ 40 ಯೂನಿಟ್; ಸಿರಿಂಜಿನ ಮುಚ್ಚಳ ಕಿತ್ತಳೆ ಬಣ್ಣದ್ದು, ಅಂದರೆ ಮಿಲಿಲೀಟರಿಗೆ 100 ಯೂನಿಟ್ ಇರುವ ಯು-100 ಇನ್ಸುಲಿನ್‌ಗೆ ಗೆರೆ ಹಾಕಿದ್ದು. ಅಂಗಡಿಯವನು ಕೊಟ್ಟದ್ದನ್ನು ಮನೆಯವರು ತಂದಿಟ್ಟಿದ್ದರು. ಹತ್ತು ದಿನದಿಂದ ಅಜ್ಜನಿಗೆ ಹೋಗುತ್ತಿದ್ದುದು ಎಂಟೇ ಯೂನಿಟ್. ಅದಲುಬದಲಾಗಿ, ಯು-100 ಬಾಟಲಿಗೆ ಕೆಂಪು ಮುಚ್ಚಳದ ಯು-40 ಸಿರಿಂಜ್ ಬಳಸಿದ್ದರೆ ಐವತ್ತು ಯೂನಿಟ್ ಹೋಗಿ ಅಜ್ಜ ಉಳಿಯುತ್ತಿದ್ದರೋ ಇಲ್ಲವೋ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಆಮೇಲೆ ನೇರ ತರಗತಿ ಹಿಡಿದೆ. ಝೂಮ್‌ನ ಉಚಿತ ನಲವತ್ತು ನಿಮಿಷದಲ್ಲಿ ಹದಿನೈದು “ಕೇಳಿಸುತ್ತಿದೆಯೇ?” ಎನ್ನುವುದಕ್ಕೇ ಹೋಯಿತು. ಜುಲೈ ಮಳೆ, ಕರೆಂಟಿಲ್ಲ. ಒಬ್ಬಳು ಸಿಗ್ನಲ್‌ಗಾಗಿ ಗುಡ್ಡ ಹತ್ತಿ, ಕೊಡೆ ಹಿಡಿದು, ಕಾಲಿನ ಉಂಬಳ ಕೀಳುತ್ತ ಪಾಠ ಕೇಳಿದಳು. ಎರಡು ತಿಂಗಳಿಗೆ ನಿಲ್ಲಿಸಿದೆ.

ದಾರಿ ತೋರಿಸಿದ್ದು ನಮ್ಮದೇ ಒಬ್ಬ ಎಎನ್‌ಎಂ. ಬೆನ್ನುಹುಣ್ಣಿನ ನಲವತ್ತು ಸೆಕೆಂಡಿನ ವಿಡಿಯೊ ಕಳಿಸಿ “ಇದು ಸರಿಯಿದೆಯೇ ಮೇಡಂ?” ಎಂದಳು. ಹುಣ್ಣು ಸರಿಯಿತ್ತು. ಆದರೆ ಚಿತ್ರದ ಮೂಲೆಯಲ್ಲಿ ಮೂತ್ರದ ಚೀಲ ರೋಗಿಯ ಮೊಣಕಾಲಿನ ಪಕ್ಕ, ಹಾಸಿಗೆಯ ಮೇಲೆಯೇ ಮಲಗಿತ್ತು. ಚೀಲ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಇಲ್ಲದಿದ್ದರೆ ಮೂತ್ರ ಹಿಂದಕ್ಕೆ ಹರಿಯುತ್ತದೆ ಎಂದು ಅವಳು ಪರೀಕ್ಷೆಯಲ್ಲಿ ಬರೆದಿದ್ದಳು. ಬರೆದದ್ದು ಕೈಗೆ ಇಳಿದಿರಲಿಲ್ಲ, ಅಷ್ಟೇ.

ಅಂದಿನಿಂದ ವಿಡಿಯೊದ ದಿಕ್ಕು ತಿರುಗಿಸಿದೆ. ವಾರಕ್ಕೊಮ್ಮೆ ಪ್ರತಿಯೊಬ್ಬರೂ ತಮ್ಮ ಕೈ ಕೆಲಸದ ಎರಡು ನಿಮಿಷದ ವಿಡಿಯೊ ಕಳಿಸಬೇಕು. ಸಿಗ್ನಲ್ ಸಿಕ್ಕಾಗ ಹೋದರೆ ಸಾಕು. ಮನೆಯವರ ಒಪ್ಪಿಗೆ ಮೊದಲು, ರೋಗಿಯ ಮುಖ ಬರಕೂಡದು, ನಾನು ನೋಡಿದ ಮೇಲೆ ಎರಡೂ ಫೋನಿನಿಂದ ಅಳಿಸಬೇಕು. ನನ್ನ ಉತ್ತರ ಧ್ವನಿ ಸಂದೇಶದಲ್ಲಿ, ಒಂದೂವರೆ ನಿಮಿಷ ಮೀರದಂತೆ. ಹಳೆಯ ವಿಡಿಯೊವನ್ನೇ ಮತ್ತೆ ಕಳಿಸುವವರನ್ನು ಹಿಡಿಯಲು ಒಂದು ಉಪಾಯವಿದೆ. ಇಲ್ಲಿ ಬರೆದರೆ ನಮ್ಮವರೂ ಓದುತ್ತಾರೆ, ಬೇಡ.

ಗುರುವಾರ ಸಂಜೆ ಒಬ್ಬರು ಒಂದು ರೋಗಿಯ ಕಥೆ ಹೇಳುತ್ತಾರೆ, ಉಳಿದವರು ಪ್ರಶ್ನೆ ಕೇಳುತ್ತಾರೆ. ಈ ಪದ್ಧತಿ ನನ್ನದಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಡಾ. ಸಂಜೀವ್ ಅರೋರಾ 2003ರಲ್ಲಿ ಹೆಪಟೈಟಿಸ್ ಸಿ ರೋಗಿಗಳಿಗಾಗಿ ಶುರುಮಾಡಿದ ‘ಎಕೋ’ ಎಂಬ ದೂರ ತರಬೇತಿ ಇದರ ಮೂಲ. ನಮ್ಮ ನಿಮ್ಹಾನ್ಸ್ ಕೂಡ ಅದನ್ನು ಬಳಸಿದೆ. ಅವರಲ್ಲಿ ತಜ್ಞರ ಸಣ್ಣ ಉಪನ್ಯಾಸವೂ ಇರುತ್ತದೆ, ನಾನು ಅದನ್ನು ಕೈಬಿಟ್ಟೆ. ನಮ್ಮ ಸಿಗ್ನಲ್‌ಗೆ ಉಪನ್ಯಾಸ ಹೊಂದುವುದಿಲ್ಲ.

ನಡುವೆ ಒಂದು ಪ್ರಯೋಗ. ಚರ್ಮದಡಿ ಟೊಳ್ಳು ಬಿದ್ದ ಹುಣ್ಣಿನ ಆಳ ಅಳೆಯುವುದನ್ನು ರೋಗಿಯ ಮೇಲೆ ಕಲಿಯಲು ಬಿಡುವುದು ಹೇಗೆ? ಅರೆಹಣ್ಣಾದ ಪಪ್ಪಾಯಿಯ ಸಿಪ್ಪೆಗೆ ರೂಪಾಯಿಯಗಲದ ತೂತು ಮಾಡಿ, ಒಳಗಿನ ತಿರುಳನ್ನು ಒಂದು ಬದಿಗೆ ಕೆರೆದು, ಹತ್ತಿಕಡ್ಡಿ ಹಾಕಿಸಿದೆ. ಎಲ್ಲರ ಹಿತ್ತಿಲಲ್ಲೂ ಪಪ್ಪಾಯಿ ಇತ್ತು. ಮೊದಲ ಸಲ ಹದಿನಾಲ್ಕರಲ್ಲಿ ಒಂಬತ್ತು ಮಂದಿ ತೂತನ್ನಷ್ಟೇ ಅಳೆದರು, ಒಳಗಿನ ಟೊಳ್ಳು ಬಿಟ್ಟರು. ಟೊಮೆಟೊದಲ್ಲೂ ನೋಡಿದೆ, ಪ್ರಯೋಜನವಿಲ್ಲ, ಸಿಪ್ಪೆ ಹರಿಯುತ್ತದೆ.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ: ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್, ಮೂತ್ರ ಹೊರಹರಿಸುವ ಕ್ಯಾತಿಟರ್ ಹಾಕುವುದನ್ನು ಮೊಬೈಲ್‌ನಲ್ಲಿ ಕಲಿಸಿಲ್ಲ, ಕಲಿಸುವುದೂ ಇಲ್ಲ. ಅದಕ್ಕೆ ವರ್ಷಕ್ಕೆರಡು ದಿನ ಆಸ್ಪತ್ರೆಗೇ ಕರೆದೊಯ್ಯುತ್ತೇನೆ.

ಈಗ ತಿಂಗಳ ಖರ್ಚು ಡೇಟಾ ಪ್ಯಾಕ್ ಸೇರಿ ಐದು ಸಾವಿರದೊಳಗೆ. ಮೊದಲು ಒಂದು ಮಳೆಗಾಲದಲ್ಲಿ ಹನ್ನೆರಡು ಹೊಸ ಬೆನ್ನುಹುಣ್ಣು ನೋಡುತ್ತಿದ್ದೆವು, ಕಳೆದ ಸಲ ನಾಲ್ಕೋ ಐದೋ. ಕೆಲಸ ಬಿಟ್ಟವಳು ಒಬ್ಬಳೇ, ಅದೂ ಮದುವೆಯಾಗಿ ಊರು ಬದಲಿಸಿದ್ದಕ್ಕೆ.

ಮೊನ್ನೆ ಬಂದ ವಿಡಿಯೊದಲ್ಲಿ ಅತ್ತೆಯನ್ನು ಮಗ್ಗುಲಿಗೆ ಹೊರಳಿಸುತ್ತಿದ್ದ ಕೈಗಳಲ್ಲಿ ಹಸಿರು ಬಳೆಗಳಿದ್ದವು, ನರ್ಸ್ ಕೈಗಳಲ್ಲ, ಸೊಸೆಯ ಕೈಗಳು. ಹಿಂದಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಎರಡೆರಡು ಗಂಟೆಗೆ ‘ಎಡ, ಬಲ, ಎಡ’ ಎಂದು ಬರೆದಿತ್ತು. ಅದನ್ನು ಬರೆಯಲು ನಾನು ಯಾರಿಗೂ ಹೇಳಿರಲಿಲ್ಲ.