ಹಳೆಯ ಶೆಗಡಿಗೆ ಮತ್ತೆ ಕೆಂಡ ಹಾಕುವ ಬಗೆ

ಹಳೆಯ ಇದ್ದಿಲು ಶೆಗಡಿ ಕೊಳ್ಳಲು ಹೋದವರು ಸಾಮಾನ್ಯವಾಗಿ ಅದರ ಮೈ ನೋಡುತ್ತಾರೆ. ನಾನು ಜಾಲರಿಯನ್ನು ಹೊರತೆಗೆದು ನೋಡುತ್ತೇನೆ. ತಗಡು ತೂತುಬಿದ್ದಿದ್ದರೆ ಹುಬ್ಬಳ್ಳಿಯಲ್ಲಿ ತೇಪೆ ಹಾಕಿಕೊಡುವವರು ಇನ್ನೂ ಇದ್ದಾರೆ. ಬೀಡುಕಬ್ಬಿಣದ ಜಾಲರಿ ಒಡೆದಿದ್ದರೆ ಅದೇ ಅಳತೆಯ ಇನ್ನೊಂದಕ್ಕಾಗಿ ವರ್ಷಗಟ್ಟಲೆ ಅಲೆಯಬೇಕು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ ನಿವೃತ್ತನಾದವನು ನಾನು. ಗಾಡಿ ನಿಂತಾಗ ಗಾಲಿಗೆ ಸುತ್ತಿಗೆಯಿಂದ ಬಡಿದು ಸದ್ದು ಕೇಳುತ್ತಿದ್ದ ಕಾಲ ನೆನಪಿದ್ದವರಿಗೆ ಈ ಪರೀಕ್ಷೆ ಹೊಸದಲ್ಲ: ಜಾಲರಿಯನ್ನು ಸುತಳಿಯಿಂದ ತೂಗುಬಿಟ್ಟು ಸ್ಪ್ಯಾನರಿನಿಂದ ಮೆಲ್ಲಗೆ ತಟ್ಟಿ. ಸದ್ದು ಒಂದು ಕ್ಷಣ ಉಳಿದರೆ ಕೊಳ್ಳಿ. ‘ಟಪ್’ ಎಂದು ಅಲ್ಲೇ ಸತ್ತರೆ ಎಲ್ಲೋ ಬಿರುಕಿದೆ, ಬಿಟ್ಟುಬಿಡಿ.

ಗುಜರಿ ಅಂಗಡಿಯವನ ಎದುರಿಗೆ ಮಾತ್ರ ಈ ತಟ್ಟಾಟ ಬೇಡ. ಅಲ್ಲಿಯವರೆಗೆ ಕಿಲೋ ಲೆಕ್ಕದಲ್ಲಿದ್ದ ಕಬ್ಬಿಣ ತಕ್ಷಣ ಅವನಜ್ಜನ ಕಾಲದ ಅಪರೂಪದ ವಸ್ತುವಾಗುತ್ತದೆ.

ಶೆಗಡಿಯ ವಯಸ್ಸನ್ನು ಅದರ ಹೊಲಿಗೆಯಿಂದ ಅಂದಾಜು ಮಾಡುತ್ತೇನೆ. ತಗಡಿನ ಅಂಚುಗಳನ್ನು ಒಂದರೊಳಗೊಂದು ಮಡಿಚಿ ಬಡಿದು, ಕಾಲುಗಳನ್ನು ರಿವೆಟ್ ಮಾಡಿದ್ದರೆ ಹಳೆಯ ಕೈ. ವೆಲ್ಡಿಂಗ್ ಕಂಡರೆ ಈಚಿನದು. ಈ ವಿಷಯದಲ್ಲಿ ಅಮೆರಿಕದವರು ಅದೃಷ್ಟವಂತರು. 1952ರಲ್ಲಿ ಜಾರ್ಜ್ ಸ್ಟೀಫನ್ ಎಂಬಾತ ತಾನು ಕೆಲಸ ಮಾಡುತ್ತಿದ್ದ ಶಿಕಾಗೋದ ವೆಬರ್ ಎಂಬ ಲೋಹದ ಕಾರ್ಖಾನೆಯಲ್ಲಿ, ನೀರಿನಲ್ಲಿ ತೇಲಿಬಿಡುವ ಬೋಯ್‌ಗಳಿಗಾಗಿ ತಯಾರಾಗುತ್ತಿದ್ದ ಅರ್ಧಗೋಳಗಳನ್ನು ಬಳಸಿ ಮುಚ್ಚಳದ ಕೆಟಲ್ ಗ್ರಿಲ್ ಮಾಡಿದ. ಆ ವೆಬರ್ ಗ್ರಿಲ್‌ಗಳ ಗಾಳಿಕಿಂಡಿಯ ಮೇಲೆ 1979ರಿಂದ ವರ್ಷ ತಿಳಿಸುವ ಅಕ್ಷರವಿದೆ, ಸಂಗ್ರಾಹಕರು ಅದನ್ನು ಓದಿಯೇ ಬೆಲೆ ಕಟ್ಟುತ್ತಾರೆ. ಧಾರವಾಡದ ಸ್ನೇಹಿತರೊಬ್ಬರಿಗೆ ಮಗ ತಂದುಕೊಟ್ಟದ್ದು ಒಂದಿದೆ. ಅದರ ಮೈಗೆ ಎನಾಮೆಲ್ ಲೇಪವಿದೆ, ತಂತಿ ಬ್ರಷ್ ತಾಗಿಸಬಾರದು. ಸೋಪಿನ ನೀರು, ಮೆತ್ತನೆಯ ಬಟ್ಟೆ ಸಾಕು.

ನಮ್ಮ ಶೆಗಡಿಗೆ ಅಂಥ ನಾಜೂಕಿಲ್ಲ. ಒಳಗೆ ಮೆತ್ತಿದ ಹಳೆಯ ಒಣ ಮಣ್ಣನ್ನು ಕೆಡವಿ, ಸಡಿಲ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ. ಹಳೆಯ ಬಣ್ಣವಿದ್ದರೆ ಒಣದಾಗಿ ಕೆರೆಯಬೇಡಿ, ಅದರಲ್ಲಿ ಸೀಸ ಇರಬಹುದು. ನೀರು ಹಚ್ಚಿಕೊಂಡು ಉಜ್ಜಿ. ಜಾಲರಿಯನ್ನು ಹುಣಸೆಹುಳಿಯ ಗಟ್ಟಿ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಉಜ್ಜಿ, ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ಕೂಡಲೇ ಒಲೆಯ ಮೇಲೆ ಒಣಗಿಸಿ. ಕಾಫಿ ಕುಡಿದು ಬರುತ್ತೇನೆ ಎಂದು ಹೋದರೆ ಬರುವಷ್ಟರಲ್ಲಿ ಕೆಂಪಗೆ ತುಕ್ಕು ಮೂಡಿರುತ್ತದೆ. ಬಿಸಿ ಇರುವಾಗಲೇ ಅಗಸೆ ಎಣ್ಣೆ ತೆಳ್ಳಗೆ ಸವರಿ, ಒರೆಸಿ, ಹೊಗೆಯಾಡುವವರೆಗೆ ಮತ್ತೆ ಕಾಯಿಸಿ. ಹೀಗೆ ಮೂರು ಸಲ. ಈ ಎಣ್ಣೆ ಒಣಗಿ ಪದರವಾಗುತ್ತದೆ, ಶೇಂಗಾ ಎಣ್ಣೆ ಜಿಗುಟಾಗಿ ಉಳಿಯುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿಯೇ ಕಾವು ಏರಿ ಹೊತ್ತಿಕೊಳ್ಳಬಹುದು. ನಾನು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡುತ್ತೇನೆ.

ಹೊರಮೈಗೆ ಬೆಳ್ಳಿ ಬಣ್ಣ ಬಳಿದು ಮಾರುವವರನ್ನು ಕಂಡರೆ ನನಗಾಗದು. ಶೆಗಡಿಯ ಜೀವ ಇರುವುದು ಒಳಗಿನ ಮಣ್ಣಿನಲ್ಲಿ.

ನನ್ನ ಮೊದಲ ಶೆಗಡಿಗೆ ನವಲಗುಂದದ ಕಡೆಯ ನೆಂಟರ ಹೊಲದಿಂದ ಎರೆಮಣ್ಣು ತಂದು ಮೆತ್ತಿದೆ. ಹಸಿ ಇದ್ದಾಗ ಬೆಣ್ಣೆ ಸವರಿದಂತಿತ್ತು. ನಾಲ್ಕನೆಯ ದಿನ ನೋಡಿದರೆ ಬೇಸಿಗೆಯ ಹೊಲದ ಹಾಗೆ ಬೆರಳು ತೂರುವ ಬಿರುಕು. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಅಷ್ಟೇ ಕುಗ್ಗುತ್ತದೆ. ‘ಹೊಲ ಕಂಡವರಿಗೆ ಇದನ್ನು ಹೇಳಿಕೊಡಬೇಕೇ?’ ಎಂದು ಅವ್ವ ನಕ್ಕಳು. ಅವಳು ಹೇಳಿದ್ದನ್ನೇ ಈಗಲೂ ಮಾಡುತ್ತೇನೆ: ಧಾರವಾಡದ ಪಶ್ಚಿಮಕ್ಕೆ ಸಿಗುವ ಕೆಂಪುಮಣ್ಣು, ಜರಡಿ ಹಿಡಿದದ್ದು, ಮೂರು ಬುಟ್ಟಿ, ಭತ್ತದ ಹೊಟ್ಟು ಒಂದು ಬುಟ್ಟಿ, ಎರಡು ಬೊಗಸೆ ಸೆಗಣಿ. ತುಳಿದು ಎರಡು ದಿನ ಒದ್ದೆ ಗೋಣಿಯಡಿ ಇಡಬೇಕು. ಉಂಡೆ ಕಟ್ಟಿ ಮೊಣಕಾಲೆತ್ತರದಿಂದ ಬಿಟ್ಟರೆ ಚಪ್ಪಟೆಯಾಗಬೇಕು, ಒಡೆಯಬಾರದು.

ತಗಡಿನ ಒಳಗೆ ಮೊದಲು ತೆಳು ರಾಡಿ ಬಳಿದು, ಅದರ ಮೇಲೆ ಒಂದೂವರೆ ಇಂಚು ದಪ್ಪಕ್ಕೆ ಮಣ್ಣು ಮೆತ್ತಿ, ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ. ಜಾಲರಿ ಕೂರುವ ಅಂಚನ್ನು ಬಿಗಿ ಮಾಡಬೇಡಿ. ಕಾದ ಕಬ್ಬಿಣ ಹಿಗ್ಗುತ್ತದೆ, ಕಾಳಿನಷ್ಟು ಸಂದಿಲ್ಲದಿದ್ದರೆ ಮಣ್ಣನ್ನು ಒಡೆಯುತ್ತದೆ. ನೆರಳಿನಲ್ಲಿ ಹತ್ತು ದಿನ ಒಣಗಲಿ, ಕೂದಲೆಳೆಯ ಬಿರುಕುಗಳನ್ನು ಅದೇ ರಾಡಿಯಿಂದ ಮುಚ್ಚಿ. ಮೊದಲ ದಿನ ಒಂದು ಹಿಡಿ ಇದ್ದಿಲು ಮಾತ್ರ. ಒಳಗೆ ಉಳಿದ ನೀರು ಆವಿಯಾಗಿ ಮಣ್ಣನ್ನು ಸಿಡಿಸೀತು. ಒಳಮೈಯ ಹೊಟ್ಟು ನಿಧಾನವಾಗಿ ಸುಟ್ಟುಹೋಗಿ ಸಣ್ಣ ತೂತುಗಳು ಉಳಿಯುತ್ತವೆ; ಕಾವನ್ನು ಒಳಗೇ ಹಿಡಿಯುವುದು ಆ ತೂತುಗಳು. ಹಳೆಯ ಜಿಂಕ್ ಬಕೆಟ್ಟಿನಿಂದ ಮಾಡಿದ ಶೆಗಡಿಗೆ ಮಣ್ಣಿಲ್ಲದೆ ಬೆಂಕಿ ಹಾಕಲೇಬೇಡಿ, ಕಾದ ಸತುವಿನ ಹೊಗೆ ಜ್ವರ ತರಿಸುತ್ತದೆ.

ಗಾಳಿ ಎಳೆಯುತ್ತಿದೆಯೇ ಎಂದು ನೋಡಲು ಕೆಂಡವಾದ ಮೇಲೆ ಕೆಳಗಿನ ಬಾಯಿಯ ಹತ್ತಿರ ಊದುಬತ್ತಿ ಹಿಡಿಯಿರಿ. ಹೊಗೆ ಒಳಗೆ ಬಾಗಬೇಕು. ಅಲ್ಲೇ ಸುಳಿದಾಡಿದರೆ ಜಾಲರಿಗೂ ತಳಕ್ಕೂ ಇರುವ ಅಂತರ ಸಾಲದು. ನಾಲ್ಕು ಬೆರಳಾದರೂ ಬೇಕು. ಇಷ್ಟು ಸರಿಯಾದರೆ ಬಾಯಿಯ ತಗಡನ್ನು ಅರ್ಧ ಸರಿಸಿ ಬದನೆಕಾಯಿ ಸುಡಿ. ಸಿಪ್ಪೆ ಕರಿಯಾಗಿ, ತೊಟ್ಟಿನ ಬಳಿ ರಸ ಗುಳುಗುಳು ಎನ್ನುವಾಗ ತೆಗೆಯಬೇಕು.

ಇದೆಲ್ಲ ಅಂಗಳದಲ್ಲಿ. ಚಳಿಯೆಂದು ಕೆಂಡವನ್ನು ಕೋಣೆಯೊಳಗಿಟ್ಟು ಬಾಗಿಲು ಹಾಕಿ ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ಕೊಲ್ಲುತ್ತದೆ, ಅದಕ್ಕೆ ವಾಸನೆಯಿಲ್ಲ.

ಪ್ರತಿ ಸಲವೂ ಬೂದಿ ಆರಿದ ಮೇಲೆ ಪೂರ್ತಿ ಬಳಿದು ತೆಗೆಯಿರಿ. ಉಳಿದ ಬೂದಿ ತೇವ ಹಿಡಿದು ತಗಡನ್ನು ತಿನ್ನುತ್ತದೆ. ಮಳೆಗಾಲಕ್ಕೆ ಮುನ್ನ ಜಾಲರಿಗೆ ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ ಬೇರೆಯಾಗಿಡಿ. ಶೆಗಡಿಯನ್ನು ಎರಡು ಇಟ್ಟಿಗೆಗಳ ಮೇಲೆ ಬೋರಲು ಹಾಕಿ.