ಕಡಲ ತೀರದಲ್ಲಿ ಹಳೆ ಮಾರುತಿ 800: ತುಕ್ಕಿನಿಂದ ಕಾಪಾಡಿಕೊಂಡ ನನ್ನ ಅನುಭವ

ಹಳೆ ಕಾರಿನ ಬಣ್ಣದ ಮೇಲೆ ಸಣ್ಣ ಗುಳ್ಳೆ ಎದ್ದರೆ ಜನ ಬಣ್ಣ ಕೆಟ್ಟಿತು ಅಂದುಕೊಳ್ಳುತ್ತಾರೆ. ಬಾಗಿಲಿನ ಕೆಳ ಅಂಚಿನಲ್ಲೋ ಚಕ್ರದ ಕಮಾನಿನ ತುದಿಯಲ್ಲೋ ಎದ್ದ ಗುಳ್ಳೆಯಾದರೆ, ಹೆಚ್ಚಿನ ಸಲ ಅಲ್ಲಿ ತಗಡು ಒಳಗಿನಿಂದಲೇ ಸವೆದಿರುತ್ತದೆ. ಹೊರಗೆ ಕಾಣುವುದು ಕೊನೆಯ ಹಂತ. ಹಾಗಾಗಿ ನಾನು ಕಾರನ್ನು ನೋಡುವ ಕ್ರಮವೇ ಬೇರೆ. ನೀರು ಎಲ್ಲಿ ಒಳಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಗೆ ಬರಬೇಕು ಎಂಬುದನ್ನು ಮೊದಲು ನೋಡುತ್ತೇನೆ. ಪಾಲಿಶು, ಪೇಂಟು ಎಲ್ಲ ಆಮೇಲೆ.

ನನ್ನದು 1997ರ ಬಿಳಿ ಮಾರುತಿ 800. ಮನೆ ಕುಂದಾಪುರದ ಕಡೆ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರು, ಜೊತೆಗೆ ಕಡಲ ಗಾಳಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಮಳೆಗಾಲದಲ್ಲಿ ಆ ದಾರಿಯಲ್ಲಿ ಹೋಗಿ ಬಂದರೆ ಗಾಜಿನ ಮೇಲೆ ಉಪ್ಪಿನ ಪೊರೆ ಕೈಗೆ ಸಿಗುತ್ತದೆ. ಗಾಜಿನ ಮೇಲೆ ಕೂತ ಉಪ್ಪು ಕಾರಿನ ಅಡಿಗೂ ಅಂಟಿರುತ್ತದೆ, ಅಲ್ವಾ? ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಮತ್ತು ಗಾಳಿಯ ಆಮ್ಲಜನಕ ಸಾಕು. ಉಪ್ಪು ಸೇರಿದರೆ ಆ ಕೆಲಸ ತುಂಬಾ ಬೇಗ ಆಗುತ್ತದೆ. ಉಪ್ಪಿಗೆ ಇನ್ನೊಂದು ಗುಣ ಇದೆ. ಅದು ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ಮಳೆ ನಿಂತ ಮೇಲೂ ತಗಡು ಒಣಗುವುದಿಲ್ಲ.

ಬಾಗಿಲಿನಿಂದ ಶುರು ಮಾಡುತ್ತೇನೆ. ಕಿಟಕಿ ಗಾಜು ಇಳಿಯುವ ಸಂದಿಯಲ್ಲಿ ರಬ್ಬರ್ ಪಟ್ಟಿ ಇದ್ದರೂ ಸ್ವಲ್ಪ ನೀರು ಬಾಗಿಲಿನ ಒಳಗೆ ಹೋಗಿಯೇ ಹೋಗುತ್ತದೆ. ಎಲ್ಲ ಕಾರುಗಳಲ್ಲೂ ಹೀಗೆಯೇ. ಆ ನೀರು ಹೊರಗೆ ಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ತೂತುಗಳನ್ನು ಇಟ್ಟಿರುತ್ತಾರೆ. ಧೂಳು, ತರಗೆಲೆ, ಹಳೆ ರಬ್ಬರಿನ ಚೂರು ಸೇರಿ ಅವು ಮುಚ್ಚಿಹೋಗುತ್ತವೆ. ಬಾಗಿಲನ್ನು ಜೋರಾಗಿ ಅಲುಗಾಡಿಸಿದಾಗ ನೀರಿನ ಸದ್ದು ಕೇಳಿದರೆ ಮುಚ್ಚಿದೆ ಅಂತಲೇ ಅರ್ಥ. ನಾನು ದಪ್ಪ ಪ್ಲಾಸ್ಟಿಕ್ ಕೇಬಲ್ ಟೈಯಿಂದ ಅವನ್ನು ಬಿಡಿಸುತ್ತೇನೆ. ಕಬ್ಬಿಣದ ತಂತಿ ಬೇಡ, ತೂತಿನ ಅಂಚಿನ ಬಣ್ಣ ಕೆರೆದು ಹೋಗುತ್ತದೆ. ಆಮೇಲೆ ಮೇಲಿನ ಸಂದಿಯಿಂದ ಒಂದು ಚೊಂಬು ನೀರು ಹೊಯ್ದು, ಕೆಳಗಿಂದ ಸರಾಗವಾಗಿ ಬರುತ್ತದೆಯೇ ಎಂದು ನೋಡುತ್ತೇನೆ. ಬಾಗಿಲಿನ ಕೆಳಗೆ ಉದ್ದಕ್ಕೂ ಇರುವ ಪೆಟ್ಟಿಗೆಯಂಥ ಭಾಗಕ್ಕೂ ಇಂಥ ತೂತುಗಳಿವೆ. ವೈಪರ್ ಹತ್ತಿರದ ಜಾಲರಿಯ ಕೆಳಗೂ ನೀರು ಹೋಗುವ ದಾರಿ ಇದೆ. ಮರದಡಿ ನಿಲ್ಲಿಸುವ ಕಾರಿನಲ್ಲಿ ಆ ಜಾಗ ಎಲೆ ಕೊಳೆತು ಗೊಬ್ಬರವಾಗಿರುತ್ತದೆ.

ಈ ಕೆಲಸಕ್ಕೆ ಖರ್ಚೇ ಇಲ್ಲ. ಆದರೂ ಸಾವಿರಾರು ರೂಪಾಯಿ ಕೊಟ್ಟು ಕಾರಿನ ಅಡಿಭಾಗಕ್ಕೆ ಕೋಟಿಂಗ್ ಮಾಡಿಸುವವರು ಇದನ್ನು ಕೇಳುವುದೇ ಇಲ್ಲ. ನನಗೆ ಇದು ಬೇಸರದ ವಿಷಯ.

ಎರಡನೆಯ ಜಾಗ ಕಾಲಡಿಯದು. ರಬ್ಬರ್ ಮ್ಯಾಟಿನ ಕೆಳಗೆ ಕಾರ್ಪೆಟ್, ಅದರ ಕೆಳಗೆ ದಪ್ಪ ಫೆಲ್ಟ್, ಅಂದರೆ ಒತ್ತಿ ಮಾಡಿದ ನಾರಿನ ಹಾಸು. ಒದ್ದೆ ಚಪ್ಪಲಿ, ಕೊಡೆಯಿಂದ ಇಳಿದ ನೀರು ಫೆಲ್ಟಿಗೆ ಸೇರಿದರೆ ವಾರಗಟ್ಟಲೆ ಒಣಗುವುದಿಲ್ಲ. ತಗಡಿಗೆ ಒದ್ದೆ ಗೋಣಿಚೀಲ ಸುತ್ತಿಟ್ಟ ಹಾಗೆ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಅಲ್ಲಿಂದ ಸೋರಿದ ನೀರೂ ಇಲ್ಲಿಗೇ ಬರುತ್ತದೆ. ನಾನು ಬೀಡಿಂಗ್ ಹೊಸದು ಹಾಕಿಸಿದೆ. ಗಾಜು ತೆಗೆದಾಗ ಅದು ಕೂರುವ ಅಂಚನ್ನು ಪೂರ್ತಿ ಕೆರೆಸಿ, ಪ್ರೈಮರ್ ಹೊಡೆಸಿ, ಒಣಗಿದ ಮೇಲೇ ಗಾಜು ಕೂರಿಸಲು ಹೇಳಿದೆ. ಆ ಅವಕಾಶ ಪದೇ ಪದೇ ಸಿಗುವುದಿಲ್ಲ. ಮಳೆಗಾಲದಲ್ಲಿ ಮ್ಯಾಟಿನ ಅಡಿ ಹಳೆ ಪೇಪರ್ ಹಾಸುತ್ತೇನೆ. ಪೇಪರ್ ಒದ್ದೆಯಾಗಿದ್ದರೆ ಎಲ್ಲೋ ಸೋರುತ್ತಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ಬ್ಯಾಟರಿ ಟ್ರೇ ನೋಡಲು ಮರೆಯಬೇಡಿ. ಆಸಿಡ್ ಚೆಲ್ಲಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಕದಡಿ ಹೊಯ್ಯಿರಿ. ನೊರೆ ನಿಲ್ಲುವ ತನಕ ಹಾಕಿ, ತೊಳೆದು, ಒಣಗಿಸಿ, ಆಮೇಲೆ ಬಣ್ಣ.

ಈಗ ತುಕ್ಕು ಹಿಡಿದ ಜಾಗದ ಕೆಲಸ. ಇದನ್ನು ನಾನು ಮಾಡುವುದು ಡಿಸೆಂಬರ್‌ನಿಂದ ಫೆಬ್ರವರಿಯ ಒಳಗೆ, ಗಾಳಿಯಲ್ಲಿ ತೇವ ಕಡಿಮೆ ಇರುವಾಗ. ಮೇ ಕೊನೆಯಲ್ಲಿ ಮೋಡ ನೋಡಿಕೊಂಡು ಓಡುವ ಕೆಲಸ ಅಲ್ಲ ಇದು. ಮೊದಲು ಹಿಂದೆ ಎಲ್ಲೆಲ್ಲಿ ಪುಟ್ಟಿ ತುಂಬಿದ್ದಾರೆ ಎಂದು ತಿಳಿಯಬೇಕು. ಸಣ್ಣ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ತಗಡಿನ ಮೇಲೆ ಓಡಿಸಿದರೆ ಸಾಕು. ಎಲ್ಲಿ ಹಿಡಿತ ಸಡಿಲವಾಗುತ್ತದೋ ಅಲ್ಲಿ ಕೆಳಗೆ ಪುಟ್ಟಿ ದಪ್ಪ ಇದೆ. ಹಿಂದಿನ ಚಕ್ರದ ಕಮಾನುಗಳಲ್ಲಿ ಇದು ಜಾಸ್ತಿ. ಅಡಿಯ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿದು ನೋಡುತ್ತೇನೆ. ಗಟ್ಟಿ ತಗಡು ಠಣ್ ಅನ್ನುತ್ತದೆ. ಲಡ್ಡಾದ ತಗಡಿನ ಸದ್ದು ಮಂದ.

ತೂತಾಗಿದ್ದರೆ ಪುಟ್ಟಿ, ಫೈಬರ್ ಮ್ಯಾಟು ಯಾವುದೂ ಬೇಡ. ಕೊಳೆತ ಭಾಗ ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಮಾಡಿಸಬೇಕು. ಮೇಲಿಂದ ಪ್ಯಾಚ್ ಕೂರಿಸಿದರೆ ಎರಡು ತಗಡಿನ ನಡುವೆ ನೀರು ಕೂರುತ್ತದೆ. ನಾನು ಟಿಂಕರಿಂಗ್ ನಡೆಯುವಾಗ ಪಕ್ಕದಲ್ಲೇ ನಿಲ್ಲುತ್ತೇನೆ. ವೆಲ್ಡಿಂಗಿನ ಬಿಸಿಗೆ ಹಿಂಬದಿಯ ಬಣ್ಣ ಸುಟ್ಟಿರುತ್ತದೆ, ಆ ಕಡೆಗೂ ಪ್ರೈಮರ್ ಹೋಗಲೇಬೇಕು.

ತೂತಾಗದ ಜಾಗವನ್ನು ನಾನೇ ಮಾಡುತ್ತೇನೆ. ವೈರ್ ಬ್ರಷ್, ಆಮೇಲೆ 80 ನಂಬರಿನ ಎಮರಿ ಕಾಗದ, ಆಮೇಲೆ 120. ಏಳುವ ತುಕ್ಕೆಲ್ಲ ಹೋಗಬೇಕು. ಸಣ್ಣ ಕುಳಿಗಳಲ್ಲಿ ಕಪ್ಪಗೆ ಉಳಿದದ್ದಕ್ಕೆ ಫಾಸ್ಫರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚುತ್ತೇನೆ. ಅದು ಉಳಿದ ತುಕ್ಕನ್ನು ಫಾಸ್ಫೇಟ್ ಪೊರೆಯಾಗಿ ಬದಲಿಸುತ್ತದೆ. ದಪ್ಪ ಪದರದ ತುಕ್ಕಿನ ಮೇಲೆ ಹಚ್ಚಿದರೆ ಮೇಲ್ಭಾಗ ಮಾತ್ರ ಬದಲಾಗಿ ಕೆಳಗೆ ಕೊಳೆಯುತ್ತಲೇ ಇರುತ್ತದೆ. ಡಬ್ಬಿಯ ಮೇಲೆ ತೊಳೆಯಿರಿ ಎಂದು ಬರೆದಿದ್ದರೆ ತೊಳೆಯಲೇಬೇಕು. ಆಸಿಡ್ ಉಳಿದರೆ ಎಪಾಕ್ಸಿ ಪ್ರೈಮರ್ ಸರಿಯಾಗಿ ಹಿಡಿಯುವುದಿಲ್ಲ. ಕೈಗವಸು, ಕನ್ನಡಕ ಬೇಕು. ಹಾರ್ಡ್ನರ್ (ಗಟ್ಟಿಯಾಗಿಸುವ ದ್ರವ) ಬೆರೆಸುವ ಪಿಯು (ಪಾಲಿಯುರೆಥೇನ್) ಪೇಂಟನ್ನು ಸ್ಪ್ರೇ ಗನ್ನಿನಲ್ಲಿ ಹೊಡೆಯುವುದಾದರೆ ಬಟ್ಟೆಯ ಮಾಸ್ಕ್ ಏನೂ ಪ್ರಯೋಜನವಿಲ್ಲ. ಅದನ್ನು ಸರಿಯಾದ ಉಸಿರಾಟದ ರಕ್ಷಣೆ ಇರುವ ಪೇಂಟ್ ಬೂತಿಗೆ ಬಿಟ್ಟುಬಿಡಿ.

ಪ್ರೈಮರ್ ವಿಷಯದಲ್ಲಿ ನನ್ನದು ಖಚಿತ ಅಭಿಪ್ರಾಯ. ನಮ್ಮ ಕಡೆ ಎಲ್ಲದಕ್ಕೂ ರೆಡ್ ಆಕ್ಸೈಡ್. ಗೇಟಿಗೆ, ಗ್ರಿಲ್ಲಿಗೆ ಅದು ಸರಿ. ಆದರೆ ಅದೊಂದನ್ನೇ ಹೊಡೆದು ಮಳೆಗಾಲ ಕಳೆಯಬಹುದು ಅಂದುಕೊಳ್ಳಬಾರದು. ಅದರ ಪೊರೆ ನೀರನ್ನು ಪೂರ್ತಿ ತಡೆಯುವುದಿಲ್ಲ. ಕಾರಿನ ತಗಡಿಗೆ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಪ್ರೈಮರ್ ಬೇಕು. ಬರಿ ತಗಡಿನ ಮೇಲೆ ಎಪಾಕ್ಸಿ, ಅದರ ಮೇಲೆ ತೆಳುವಾಗಿ ಪುಟ್ಟಿ, ಆಮೇಲೆ ಬಣ್ಣ. ಹೆಚ್ಚಿನ ಕಡೆ ತಗಡಿನ ಮೇಲೆ ನೇರ ಪುಟ್ಟಿ ಹಾಕುತ್ತಾರೆ. ಪುಟ್ಟಿ ನೀರು ಕುಡಿಯುತ್ತದೆ, ಕುಡಿದದ್ದನ್ನು ತಗಡಿಗೆ ಮುಟ್ಟಿಸುತ್ತದೆ. ಎಪಾಕ್ಸಿಗೆ ಬಿಸಿಲು ಆಗದು, ಅದನ್ನು ಬರಿದೇ ಬಿಡಬೇಡಿ. ಬೆಸುಗೆಯ ಸಂದಿಗಳಿಗೆ ಪಿಯು ಸೀಲರ್ ಹಾಕಬೇಕು. ನೀರಿನ ತೂತುಗಳಿಗೆ ಮಾತ್ರ ಅದು ಮೆತ್ತದಂತೆ ನೋಡಿಕೊಳ್ಳಿ.

ಬಣ್ಣದ ಕೆಲಸ ಎಲ್ಲ ಮುಗಿದು ಪೂರ್ತಿ ಒಣಗಿದ ಮೇಲೆ ಕ್ಯಾವಿಟಿ ವ್ಯಾಕ್ಸ್. ಉದ್ದ ನಳಿಕೆಯಿಂದ ಬಾಗಿಲು ಮತ್ತು ಕೆಳಗಿನ ಪೆಟ್ಟಿಗೆಗಳ ಒಳಗೆ ಸಿಂಪಡಿಸುವುದು. ಅದು ಸಂದಿಗಳ ಒಳಗೆ ತೆವಳಿ ಹೋಗಿ ಮೆತ್ತಗಿನ ಪೊರೆಯಾಗಿ ಉಳಿಯುತ್ತದೆ. ಬ್ರಷ್ ತಲುಪದ ಕಡೆ ಇದರಷ್ಟು ಒಳ್ಳೆಯ ರಕ್ಷಣೆಯನ್ನು ನಾನು ಬೇರೆ ಕಂಡಿಲ್ಲ. ಸಿಂಪಡಿಸಿದ ಮರುದಿನ ತೂತುಗಳನ್ನು ಮತ್ತೊಮ್ಮೆ ಬಿಡಿಸುತ್ತೇನೆ. ಗ್ಯಾರೇಜುಗಳಲ್ಲಿ ಹೊಡೆಯುವ ಕಪ್ಪು ಟಾರು ಕೋಟಿಂಗನ್ನು ಹಳೆ ಕಾರಿಗೆ ನಾನು ಒಪ್ಪುವುದಿಲ್ಲ. ತುಕ್ಕು ತೆಗೆಯದೆ ಅದನ್ನು ಹೊಡೆದರೆ ಒಳಗಿನದ್ದು ಕಾಣುವುದಿಲ್ಲ. ವರ್ಷ ಕಳೆದಂತೆ ಅದು ಬಿರುಕು ಬಿಡುತ್ತದೆ, ಬಿರುಕಿನಿಂದ ಹೋದ ನೀರು ಅಲ್ಲೇ ಕೂರುತ್ತದೆ. ಸುಟ್ಟ ಎಂಜಿನ್ ಆಯಿಲ್ ಬಳಿಯುವುದೂ ಬೇಡ. ಕಾರಿನ ಅಡಿಯ ಕೀಲುಗಳಲ್ಲಿರುವ ರಬ್ಬರ್ ಬುಷ್‌ಗಳು ಉಬ್ಬುತ್ತವೆ. ಮಳೆಯಲ್ಲಿ ತೊಳೆದು ಹೋದ ಎಣ್ಣೆ ನಮ್ಮದೇ ಬಾವಿ, ಗದ್ದೆಗೆ ಸೇರುತ್ತದೆ.

ಮೇಲಿನ ಬಣ್ಣದ ಬಗ್ಗೆ ಹೇಳುವುದು ಸ್ವಲ್ಪ. ಹಳೆ ಬಿಳಿ ಬಣ್ಣದ ಮೇಲೆ ಪಾಲಿಶ್ ಉಜ್ಜಿದಾಗ ಕಪ್ಪು ಬಟ್ಟೆಗೆ ಬಿಳಿ ಅಂಟಿದರೆ ಅದರ ಮೇಲೆ ಕ್ಲಿಯರ್ ಕೋಟ್ (ಬಣ್ಣ ಕಾಪಾಡುವ ಪಾರದರ್ಶಕ ಪದರ) ಇಲ್ಲ ಎಂದರ್ಥ. ಪ್ರತಿ ಸಲ ರಬ್ಬಿಂಗ್ ಕಾಂಪೌಂಡ್ ಹಾಕಿದಾಗಲೂ ಬಣ್ಣ ತೆಳುವಾಗುತ್ತದೆ. ಬಾನೆಟ್ಟಿನ ಅಂಚು, ಗೆರೆಗಳ ಮೇಲೆ ಬೇಗ ಹೋಗುತ್ತದೆ. ಒಮ್ಮೆ ಹಗುರಾಗಿ ಉಜ್ಜಿ, ಆಮೇಲೆ ಕೆಲವು ತಿಂಗಳಿಗೊಮ್ಮೆ ಕಾರ್ನೂಬಾ ವ್ಯಾಕ್ಸ್ (ಒಂದು ಬಗೆಯ ತಾಳೆ ಎಲೆಯ ಮೇಣ) ಹಚ್ಚಿದರೆ ಸಾಕು. ಕಲ್ಲು ಸಿಡಿದು ಬಣ್ಣ ಹಾರಿದ ಚುಕ್ಕೆಗಳಿಗೆ ಕಡ್ಡಿಯ ತುದಿಯಿಂದ ಪ್ರೈಮರ್, ಮರುದಿನ ಟಚ್‌ಅಪ್ ಬಣ್ಣ. ಬಣ್ಣ ಹೊಂದಿಸಲು ಪೆಟ್ರೋಲ್ ಹಾಕುವ ಜಾಗದ ಚಿಕ್ಕ ಬಾಗಿಲನ್ನು ಕಳಚಿ ಅಂಗಡಿಗೆ ಒಯ್ಯಿರಿ. ಗೇರು, ಹಲಸಿನ ಮರದಡಿ ನಿಲ್ಲಿಸಬೇಡಿ. ಅವುಗಳ ಸೊನೆಯೂ ಬಾವಲಿಯ ಹಿಕ್ಕೆಯೂ ಬಣ್ಣವನ್ನು ತಿನ್ನುತ್ತವೆ.

ತೊಳೆಯುವ ನೀರನ್ನೂ ಗಮನಿಸಬೇಕು. ಕಡಲ ಹತ್ತಿರದ ಬಾವಿಗಳಲ್ಲಿ ಏಪ್ರಿಲ್, ಮೇ ಹೊತ್ತಿಗೆ ನೀರು ಉಪ್ಪಾಗುತ್ತದೆ. ಆ ನೀರಿನಿಂದ ತೊಳೆಯುವುದಕ್ಕಿಂತ ತೊಳೆಯದಿರುವುದೇ ವಾಸಿ. ಬಾಯಿಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಚಕ್ರದ ಕಮಾನಿನ ಒಳ ಅಂಚಿನಲ್ಲಿ ಕೂತ ಕೆಂಪು ಮಣ್ಣನ್ನು ಪೈಪ್ ಹಿಡಿದು, ಬೆರಳು ಹಾಕಿ ತೆಗೆಯಬೇಕು. ತೊಳೆದ ಮೇಲೆ ಒಂದು ಸುತ್ತು ಓಡಿಸಿ ಒಣಗಿಸಿಯೇ ಶೆಡ್ಡಿಗೆ ತರುತ್ತೇನೆ. ಒದ್ದೆ ಕಾರಿಗೆ ಪ್ಲಾಸ್ಟಿಕ್ ಹೊದಿಕೆ ಹಾಕುವುದೇ ಇಲ್ಲ. ಮೇಲೆ ಸೂರು, ನಾಲ್ಕೂ ಕಡೆ ಗಾಳಿ, ಇಷ್ಟಿದ್ದರೆ ಸಾಕು.

ಮುಂದಿನ ಚಳಿಗಾಲಕ್ಕೆ ಉಳಿದಿರುವುದು ಪೆಟ್ರೋಲ್ ಟ್ಯಾಂಕ್. ಅದರ ಮೇಲ್ಭಾಗದಲ್ಲಿ, ಬಿಗಿಯುವ ಪಟ್ಟಿಗಳ ಅಡಿಯಲ್ಲಿ ಮಣ್ಣು ಕೂತಿದೆ. ಇಳಿಸದೆ ಅಲ್ಲಿಗೆ ಕೈ ಹೋಗದು. ಪೆಟ್ರೋಲಿನ ವಿಷಯವಾದ್ದರಿಂದ ಇಳಿಸುವ ಕೆಲಸವನ್ನು ಗ್ಯಾರೇಜಿಗೆ ಕೊಡುತ್ತೇನೆ. ಕೆರೆಯುವುದು, ಪ್ರೈಮರ್ ಹೊಡೆಯುವುದು ಟ್ಯಾಂಕ್ ಕೂರಿಸುವ ಜಾಗದ ತಗಡಿಗೆ ಮಾತ್ರ, ಅದನ್ನು ನಾನೇ ಮಾಡುತ್ತೇನೆ.