ಬುದ್ಧಿವಂತರ ಕೈ ಬೇಗ ಕಲಿಯುತ್ತದೆಯೇ? ಇಇಜಿ ಇಟ್ಟು ನಾವು ಅಳೆಯುವ ಬಗೆ

ಬುದ್ಧಿವಂತರು ಕೈಕೆಲಸವನ್ನೂ ಬೇಗ ಕಲಿಯುತ್ತಾರೆ ಅನ್ನುವ ಮಾತು ಅರ್ಧ ನಿಜ. ಯಾವ ಅರ್ಧ ಅಂತ ತಿಳಿಯಬೇಕಾದರೆ ಕಲಿಕೆಯನ್ನು ಒಂದೇ ಅಂಕಿಯಲ್ಲಿ ಅಳೆಯಬಾರದು. ನಮ್ಮ ಪ್ರಯೋಗ ನಿಂತಿರುವುದೇ ಇದರ ಮೇಲೆ.

ಕೂತವರು ಟ್ಯಾಬ್ಲೆಟ್ ಮೇಲೆ ಪೆನ್ ಎಳೆದು ಪರದೆಯ ಮೇಲಿನ ಗುರಿ ಮುಟ್ಟಬೇಕು. ಕೈ ಕಾಣದಂತೆ ಮೇಲೊಂದು ಹಲಗೆ. ನಡುಬಿಂದುವಿನಿಂದ 10 ಸೆಂ.ಮೀ. ದೂರದಲ್ಲಿ ಸುತ್ತ 8 ಗುರಿಗಳು. ಮೊದಲ 80 ಸಲ ಕರ್ಸರ್ ಕೈ ಹೋದ ಕಡೆಗೇ ಹೋಗುತ್ತದೆ. ಮುಂದಿನ 240 ಸಲ 30 ಡಿಗ್ರಿ ಓರೆಯಾಗುತ್ತದೆ. ಓರೆ ಶುರುವಾದ ಮೇಲೆ ಪ್ರತಿ ಎಳೆತಕ್ಕೂ ಮುಂಚೆ ಎಲ್ಲಿಗೆ ಗುರಿಯಿಡುತ್ತೀರಿ ಎಂದು ಕೇಳುತ್ತೇವೆ. ಅವರು 18 ಡಿಗ್ರಿ ಪಕ್ಕಕ್ಕೆ ಎಂದು ಹೇಳಿ, ಕೈ 27 ಡಿಗ್ರಿ ಸರಿದರೆ, 18 ಯೋಚಿಸಿ ಮಾಡಿದ ಉಪಾಯ. ಉಳಿದ 9 ಅರಿವಿಲ್ಲದೆ ಕೈಯೇ ಕಲಿತದ್ದು. ಕೊನೆಯ 80 ಸಲ ಕರ್ಸರ್ ತೋರಿಸದೆ, ಉಪಾಯ ಬಿಟ್ಟು ನೇರ ಗುರಿಗೇ ಎಳೆಯಲು ಹೇಳುತ್ತೇವೆ. ಆಗಲೂ ಉಳಿಯುವ ಓರೆ ಆ ಎರಡನೆಯ ಲೆಕ್ಕವನ್ನು ತಾಳೆ ನೋಡಲು ಸಾಕು.

ಬುದ್ಧಿಮತ್ತೆ, ಅದರಲ್ಲೂ ಕಾರ್ಯಸ್ಮೃತಿ (ಕೆಲಸ ಮಾಡುವಾಗ ಬೇಕಾದದ್ದನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ), ನಂಟು ತೋರುವುದು ಬಹುಪಾಲು ಮೊದಲ ಭಾಗದ ಜೊತೆ, ಅಂದರೆ ಯೋಚಿಸಿ ಮಾಡುವ ಉಪಾಯದ ಜೊತೆ, ಅದೂ ಓರೆ ಶುರುವಾದ ಆರಂಭದ ಎಳೆತಗಳಲ್ಲಿ. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಆ ನಂಟು ಮಸುಕಾಗುತ್ತದೆ.

ಇನ್ನು ಇಇಜಿ, ಅಂದರೆ ವಿದ್ಯುದ್ವಾರಗಳ ಟೋಪಿಯಿಂದ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆಯುವುದು. ಟೋಪಿ ಹಾಕುವ ಮುನ್ನ ಅಳತೆಪಟ್ಟಿ ಬೇಕೇ ಬೇಕು. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗಿನ ನಡುವೆ, ಎರಡು ಕಿವಿಗಳ ನಡುವೆ, ಎರಡೂ ಕೂಡುವ ಜಾಗಕ್ಕೆ ಸಿಝಡ್ ಎಂದು ಹೆಸರು. ಕಿವಿಯಿಂದ ಕಿವಿಗೆ 35 ಸೆಂ.ಮೀ. ಇದ್ದರೆ ಅಲ್ಲಿಂದ ಎಡಕ್ಕೆ 7 ಸೆಂ.ಮೀ. ಸರಿದರೆ ಸಿ3: ಬಲಗೈ ಚಲನೆಗೆ ಸಂಬಂಧಿಸಿದ ಬೀಟಾ ಲಯ (ಮಿದುಳಿನ ಒಂದು ಬಗೆಯ ವೇಗದ ಅಲೆ) ಚೆನ್ನಾಗಿ ಸಿಗುವ ತಾಣ. ನಮ್ಮಲ್ಲಿ ದೊಡ್ಡ ತೊಡಕು ಕೊಬ್ಬರಿ ಎಣ್ಣೆ. ಎಣ್ಣೆ ಹಚ್ಚಿದ ತಲೆಯಲ್ಲಿ ಎಷ್ಟು ಜೆಲ್ ತುಂಬಿದರೂ ತೊಗಲಿಗೂ ವಿದ್ಯುದ್ವಾರಕ್ಕೂ ನಡುವಿನ ವಿದ್ಯುತ್ ತಡೆ 10 ಕಿಲೋಓಮ್‌ಗಿಂತ ಕೆಳಗಿಳಿಯುವುದಿಲ್ಲ. ಹಿಂದಿನ ರಾತ್ರಿಯೇ ಶಾಂಪೂ ಹಾಕಿ ತೊಳೆದು ಬರಲು ಹೇಳಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತಿಡಿ, 50 ಹರ್ಟ್ಸ್ ಗದ್ದಲ ಅರ್ಧ ಅಲ್ಲೇ ತಗ್ಗುತ್ತದೆ. ಕೋಣೆ ತಂಪಾಗಿರಲಿ. ಬೆವರಿದರೆ ಇಇಜಿಯ ಗೆರೆ ಅಲೆಯಂತೆ ತೇಲುತ್ತದೆ.

ಚಲನೆಯ ಹೊತ್ತಿಗೆ 13ರಿಂದ 30 ಹರ್ಟ್ಸ್‌ನ ಬೀಟಾ ಕುಗ್ಗುತ್ತದೆ. ಕೈ ನಿಂತು ಅರ್ಧ ಸೆಕೆಂಡಿನಿಂದ ಒಂದೂವರೆ ಸೆಕೆಂಡಿನ ಒಳಗೆ ಮೊದಲಿಗಿಂತ ಮೇಲಕ್ಕೆ ಪುಟಿಯುತ್ತದೆ. ತಪ್ಪು ದೊಡ್ಡದಾದಷ್ಟೂ ಪುಟಿತ ಚಿಕ್ಕದು. ನಾವು ಹಿಡಿಯುವುದು ಈ ಪುಟಿತವನ್ನೇ. ಮುಂದಿನ ಗುರಿಯನ್ನು ಅವಸರದಲ್ಲಿ ತೋರಿಸಿದರೆ ಹೊಸ ಸಿದ್ಧತೆಯ ಕುಗ್ಗುವಿಕೆ ಇದರ ಮೇಲೆ ಕೂತು ಎಲ್ಲ ಕಲಸಿಹೋಗುತ್ತದೆ. ಕನಿಷ್ಠ 4 ಸೆಕೆಂಡು ಬಿಡಿ. ಎಲ್ಲಿಗೆ ಗುರಿಯಿಡುತ್ತಾರೆ ಅನ್ನುವುದನ್ನು ಬಾಯಲ್ಲಿ ಹೇಳಿಸಿದ ಮೇಲೂ 2 ಸೆಕೆಂಡು ಕಾಯಬೇಕು, ಇಲ್ಲವಾದರೆ ದವಡೆಯ ಸ್ನಾಯು ಬೀಟಾ ವೇಷದಲ್ಲಿ ಬರುತ್ತದೆ. 60 ಎಳೆತಕ್ಕೊಮ್ಮೆ 2 ನಿಮಿಷ ವಿರಾಮ.

ಕಲಿತಂತೆ ಪುಟಿತ ಏರಿದರೆ ಅದು ಕಲಿಕೆಯದ್ದೇ ಅಂತ ನಂಬುವ ಹಾಗಿಲ್ಲ. ಹೊತ್ತು ಕಳೆದಂತೆ, ದಣಿದಂತೆ ಬೀಟಾ ತಾನಾಗಿಯೇ ಏರುತ್ತದೆ. ಅದಕ್ಕೇ ಇನ್ನೊಂದು ದಿನ ಅದೇ ಜನರಿಗೆ ಓರೆಯನ್ನು ಎಳೆತದಿಂದ ಎಳೆತಕ್ಕೆ ಮನಸೋಇಚ್ಛೆ ಬದಲಿಸುತ್ತೇವೆ. ಅಲ್ಲಿ ತಪ್ಪುಗಳಿವೆ, ಕಲಿಯಲು ಏನೂ ಇಲ್ಲ. ಆ ದಿನದ ಏರಿಕೆಯನ್ನು ಕಳೆದು ಉಳಿದದ್ದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬುದ್ಧಿಮತ್ತೆ ಅಳೆಯುವ ಚಿತ್ರ ಪರೀಕ್ಷೆ ರೇವನ್ ಮ್ಯಾಟ್ರಿಸಸ್‌ನ 60 ಪ್ರಶ್ನೆಗಳನ್ನು ಇಇಜಿ ದಿನ ಕೊಡಬೇಡಿ. ಟೋಪಿ ಹೊತ್ತು ದಣಿದವರ ಅಂಕ ಬುದ್ಧಿಮತ್ತೆಯದ್ದಲ್ಲ. ಭಾಷೆ ಬೇಡದ ಪರೀಕ್ಷೆಯಾದರೂ ಓದಿನ ಪ್ರಭಾವ ಅದರಲ್ಲೂ ಇದೆ, ಹಾಗಾಗಿ ಎಷ್ಟು ವರ್ಷ ಓದಿದ್ದಾರೆ ಅನ್ನುವುದನ್ನೂ ಬರೆದಿಡುತ್ತೇವೆ.

ಭಾಗವಹಿಸುವವರ ಸಂಖ್ಯೆಯ ವಿಷಯದಲ್ಲಿ ಜಿಪುಣತನ ಸಲ್ಲದು. 20 ಜನರಿದ್ದರೆ ಸಹಸಂಬಂಧ 0.44 ದಾಟಿದಾಗಷ್ಟೇ ಅದು ಬರೀ ಆಕಸ್ಮಿಕವಲ್ಲ ಎನ್ನಲು ಬಳಸುವ ಶೇ. 5ರ ಗೆರೆ ಮುಟ್ಟುತ್ತದೆ. ಬುದ್ಧಿಮತ್ತೆಯ ನಂಟುಗಳು ಸಾಮಾನ್ಯವಾಗಿ ಅಷ್ಟು ಗಟ್ಟಿ ಇರುವುದಿಲ್ಲ. 0.3ರಷ್ಟನ್ನು ಶೇ. 80ರ ಭರವಸೆಯಲ್ಲಿ ಹಿಡಿಯಲು ಸುಮಾರು 85 ಜನ ಬೇಕು, ಇಬ್ಬರು ತಂತ್ರಜ್ಞರೂ ಬೇಕು.